ಒಂಬತ್ತು ಬಣ್ಣದ ಕೆಳಗಿನ ಗಿಟಾರು

ಆ ದಿನ ನನ್ನ ಮೇಜಿನ ಮೇಲೆ ಸುಟ್ಟ ಆಂಪ್ಲಿಫೈಯರುಗಳೇ ಐದು ಇದ್ದವು. ಮದುವೆ ಸೀಜನ್ ಬಂತೆಂದರೆ ನನಗೆ ಸುಗ್ಗಿ ಅಂತ ಹುಮನಾಬಾದಿನ ಜನ ತಿಳಿದಿದ್ದಾರೆ. ಎಲ್ಲಿಯ ಸುಗ್ಗಿ, ಬರೀ ಬೆನ್ನುನೋವು. ಡಿಜೆಯವರು ಸ್ಪೀಕರು ತಾಳಲಾರದಷ್ಟು ಸೌಂಡು ಕೊಟ್ಟು ಸುಡುತ್ತಾರೆ. ಮರುದಿನ ಅದನ್ನು ತಂದು ನನ್ನೆದುರು ಇಟ್ಟು, "ಸಂಜೀಕ ಮೆರವಣಗಿ ಐತ್ರಿ, ಅಷ್ಟರಾಗ ಆಗ್ಬೇಕ್ ನೋಡ್ರಿ" ಅನ್ನುತ್ತಾರೆ. ನನಗಾದರೋ ಹತ್ತಿರದ್ದು ಕಾಣಲು ಒಂದು ಕನ್ನಡಕ, ಇನ್ನೂ ಹತ್ತಿರದ್ದು ಕಾಣಲು ಅದರ ಮೇಲೊಂದು ಭೂತಗನ್ನಡಿ. ಹೆದ್ದಾರಿಯ ಲಾರಿಗಳ ಗದ್ದಲದಲ್ಲಿ ಇವರ ಮಾತು ಅರ್ಧ ಕೇಳಿಸುತ್ತದೆ, ಉಳಿದರ್ಧ ಕೇಳಿಸದಿದ್ದರೂ ಗೊತ್ತಿರುತ್ತದೆ.

ಅಂಥ ಹೊತ್ತಿನಲ್ಲಿ ಆಕೆ ಬಂದರು. ಅರವತ್ತರ ಆಸುಪಾಸಿನ ಹೆಣ್ಣುಮಗಳು, ಕೌದಿಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಎದೆಗವಚಿಕೊಂಡು ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬಂದಿದ್ದರು. ಮೇಜಿನ ಮೇಲೆ ಜಾಗವಿರಲಿಲ್ಲ. ಆಕೆ ನೆಲದ ಮೇಲೇ ಕೌದಿ ಬಿಚ್ಚಿದರು. ಒಳಗೆ ಕೆಂಪು ಎಣ್ಣೆಬಣ್ಣ ದಪ್ಪಗೆ ಬಳಿದ ಒಂದು ಎಲೆಕ್ಟ್ರಿಕ್ ಗಿಟಾರು. ಹೊಟ್ಟೆಯ ಮೇಲೆ ಹಳದಿ ಅಕ್ಷರದಲ್ಲಿ ಯಾವುದೋ ಬ್ಯಾಂಡ್ ಪಾರ್ಟಿಯ ಹೆಸರು. ತಂತಿ ಒಂದೂ ಇಲ್ಲ.

"ಮಿಸ್ತ್ರೀ ಅಣ್ಣಾರ, ಇದು ಖರೇದೈತೋ ಖೊಟ್ಟಿ ಐತೋ ನೋಡಿ ಹೇಳ್ರಿ," ಅಂದರು.

"ರಿಪೇರಿ ಏನೈತ್ರಿ ಇದರಾಗ?"

"ರಿಪೇರಿ ಬ್ಯಾಡ್ರಿ. ಖರೇನೋ ಖೊಟ್ಟಿನೋ, ಅಷ್ಟು ಹೇಳ್ರಿ ಸಾಕು."

"ಮಾರೋರೇನು?"

"ಮಾರೋ ಮಾತು ಆಮ್ಯಾಲ."

ನನಗೆ ರೇಗಿತು. ಬೆಳಿಗ್ಗೆಯಿಂದ ಎದ್ದು ನಿಂತಿಲ್ಲ, ಇದೊಂದು ಪಂಚಾಯಿತಿ ಬೇರೆ. ಆದರೂ ಆಕೆಯ ಕೈ ನೋಡಿ ಸುಮ್ಮನಾದೆ. ಬೆರಳ ತುದಿಗಳೆಲ್ಲ ಹಂಚಿನ ಕಾವಿಗೆ ಕರಕಾಗಿದ್ದವು. ರೊಟ್ಟಿ ಕೇಂದ್ರದಲ್ಲಿ ಜೋಳದ ರೊಟ್ಟಿ ಬಡಿಯುತ್ತಾರಂತೆ. ಗಂಡ ಬ್ಯಾಂಡ್ ಪಾರ್ಟಿಯಲ್ಲಿ ಗಿಟಾರು ನುಡಿಸುತ್ತಿದ್ದವರು, ತೀರಿಹೋಗಿ ಎರಡು ವರ್ಷ. ಸಿಕಂದರಾಬಾದಿನ ವಯಸ್ಸಾದ ಕಲಾವಿದರೊಬ್ಬರಿಂದ ಈ ಗಿಟಾರು ತಂದಿದ್ದರು. ಇದು ಜಪಾನಿನಲ್ಲಿ ಮಾಡಿದ್ದು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದರಂತೆ.

"ಹೇಳಿ ಹೇಳಿ ಊರಾಗ ಅವ್ರ ಹೆಸರೇ ಜಪಾನ್ ಆಯ್ತ್ರಿ. ಚಾಷ್ಟಿ ಮಾಡಿ ನಗಾಕ. ನಾ ಜಪಾನನ ಹೆಂಡ್ತಿ ಅನ್ನಿಸಿಕೊಂತನೇ ಮುದುಕಿ ಆದೆ. ನಡುವ ಒಂದಿನ ಯಾರೋ ಇದು ಖೊಟ್ಟಿ ಅಂದ್ರು. ಅಲ್ಲಿಂದ ಅವ್ರು ಆ ಮಾತೇ ಬಿಟ್ರು. ಹಾಸಿಗಿ ಹಿಡದಾಗ ಒಂದಿನ ಕೇಳಿದ್ರು, ನಾ ಮೋಸ ಹೋಗಿದ್ದೆನೇನ ಅಂತ. ನಂಗ ಏನ್ ಹೇಳಬೇಕು ತಿಳೀಲಿಲ್ರಿ. ಸುಮ್ನ ಕುಂತೆ."

ಒಂದು ವಾರ ಬಿಟ್ಟು ಬರಲು ಹೇಳಿದೆ. ಹೊಸ್ತಿಲು ದಾಟುವಾಗ ಆಕೆ ತಿರುಗಿ, "ಎಷ್ಟು ದಿನ ಬೇಕಾದ್ರೂ ತಗೋರ್ರಿ, ಪೂರ್ತಿ ಬಿಚ್ಚಿ ನೋಡ್ರಿ" ಅಂದರು. ಪೂರ್ತಿ ಅನ್ನುವುದನ್ನು ಎರಡು ಸಲ ಅಂದರು.

ಮೂರನೆಯ ದಿನ ಆಂಪ್ಲಿಫೈಯರುಗಳು ಖಾಲಿಯಾದ ಮೇಲೆ ಗಿಟಾರು ಮೇಜಿಗೆ ಬಂತು. ಬ್ಯಾಂಡ್ ಪಾರ್ಟಿಗಳಲ್ಲಿ ಒಂದು ಪದ್ಧತಿ ಇತ್ತು. ಸೀಜನ್ ಶುರುವಾಗುವ ಮೊದಲು ಮಾಲೀಕ ಒಂದು ಡಬ್ಬಿ ಎಣ್ಣೆಬಣ್ಣ ತರಿಸಿ ಡ್ರಮ್ಮಿನ ಚೌಕಟ್ಟು, ಸ್ಪೀಕರ್ ಡಬ್ಬಿ, ಗಾಡಿ, ಗಿಟಾರು ಎಲ್ಲಕ್ಕೂ ಅದೇ ಬಣ್ಣ ಬಳಿಸುತ್ತಿದ್ದ. ಪಾರ್ಟಿ ಹೊಸದಾಗಿ ಕಾಣಬೇಕಲ್ಲ! ವಾದ್ಯದ ಮೈಮೇಲೆ ಪಾರ್ಟಿಯ ಹೆಸರು ಬಿಟ್ಟು ಬೇರೆ ಹೆಸರಿಗೆ ಜಾಗವಿರುತ್ತಿರಲಿಲ್ಲ. ಹಾಗಾಗಿ ಹೊರಗಿನಿಂದ ನೋಡಿ ಈ ಗಿಟಾರಿನ ಕುಲಗೋತ್ರ ಹೇಳುವುದು ಸಾಧ್ಯವೇ ಇರಲಿಲ್ಲ.

ಕಾಣುವುದಷ್ಟನ್ನು ಚೀಟಿಯಲ್ಲಿ ಬರೆದುಕೊಂಡೆ. ತಂತಿಯ ನಾದವನ್ನು ಹಿಡಿಯುವ ಪಿಕಪ್ಪುಗಳು ಸಾಮಾನ್ಯವಾಗಿ ಎರಡು ಇರುತ್ತವೆ, ಹೆಚ್ಚೆಂದರೆ ಮೂರು. ಇದಕ್ಕೆ ನಾಲ್ಕು. ಪ್ರತಿಯೊಂದಕ್ಕೂ ಒಂದೊಂದು ಬಿಳಿ ಸ್ವಿಚ್ಚು, ಹಳೆಯ ರೇಡಿಯೋದ ಗುಂಡಿಯ ಹಾಗೆ ಒತ್ತುವಂಥದ್ದು. ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ಕಡೆ, ಎಲ್ಲ ಗಿಟಾರಿಗೂ ಇರುವ ಬಿಳಿ ಪಟ್ಟಿಯ ಮುಂದೆ, ಇನ್ನೊಂದು ಲೋಹದ ಗೆರೆ. ಸೌಂಡು ಹೆಚ್ಚುಕಡಿಮೆ ಮಾಡುವ ಗುಬ್ಬಿಗಳಲ್ಲಿ ಒಂದು ಯಾವುದೋ ಟೇಪ್ ರೆಕಾರ್ಡರಿನದು. ತಂತಿ ಬಿಗಿಯುವ ಆರು ಕಿವಿಗಳಲ್ಲಿ ಎರಡು ಆಮೇಲೆ ಹಾಕಿದವು. ಕಾಪಿ ಮಾಡುವವರು ಹೆಸರಾದ ಮಾದರಿಯನ್ನು ಕಾಪಿ ಮಾಡುತ್ತಾರೆ, ಇಂಥ ವಿಚಿತ್ರ ಮೂರ್ತಿಯನ್ನು ಯಾಕೆ ಮಾಡಿಯಾರು ಅಂತ ಒಂದು ಸಂಶಯ ಆಗಲೇ ಬಂದಿತ್ತು. ಬಂದ ಸಂಶಯವನ್ನು ನಾನೇ ಗದರಿಸಿ ಕೂರಿಸಿದೆ.

ಮುಂಭಾಗದ ಲೋಹದ ತಗಡಿಗೆ ಹನ್ನೊಂದು ಸ್ಕ್ರೂ. ತಲೆಯ ತುಂಬ ಬಣ್ಣ ತುಂಬಿತ್ತು. ಸೂಜಿಯಿಂದ ಒಂದೊಂದನ್ನೇ ಕೆದಕಿ ಬಿಡಿಸಿದೆ. ದಿನವೂ ಬಳಸುವ ಸ್ಕ್ರೂಡ್ರೈವರು ಕೂರುತ್ತಲೇ ಇಲ್ಲ, ತಿರುಗಿಸಿದರೆ ಜಾರಿ ಮೇಲೆ ಬರುತ್ತದೆ. ಬೈದುಕೊಂಡು ಡ್ರಾಯರಿನಲ್ಲಿ ತಡಕಾಡಿ ಕೈಗೆ ಸಿಕ್ಕ ಹಳೆಯದೊಂದನ್ನು ತೆಗೆದುಕೊಂಡೆ. ಅದು ಗಟ್ಟಿಯಾಗಿ ಕೂತಿತು. ಹನ್ನೊಂದೂ ಬಿಚ್ಚಿ ತಗಡು ಎತ್ತಿದೆ. ಪಿಕಪ್ಪಿಗಾಗಿ ಕೊರೆದ ಗುಣಿಯ ಅಂಚಿನಲ್ಲಿ ಮರ ಕಾಣಿಸಿತು. ತೆಳ್ಳನೆಯ ಹಾಳೆಗಳನ್ನು ಅಂಟಿಸಿದ ಪದರು ಪದರು.

ನನ್ನ ಹೆಂಡತಿ ಚಹಾ ತಂದಿದ್ದಳು. "ಮುಗೀತು ತಗೋ, ಪ್ಲೈವುಡ್ ಐತಿ. ಖೊಟ್ಟಿ ಮಾಲು," ಅಂದೆ. ಒಳಗೊಳಗೆ ಹಗುರವೂ ಆಯಿತು, ಸುಳ್ಳೇಕೆ ಹೇಳಲಿ. ಒಂದು ಕೆಲಸ ಕಡಿಮೆ ಆಯಿತಲ್ಲ ಅಂತ.

ಆದರೆ ಆ ಮಾತು ಬಾಯಿಂದ ಬಿದ್ದ ಕೂಡಲೇ ಇದೇ ಮಾತನ್ನು ಇದೇ ಧಾಟಿಯಲ್ಲಿ ಹಿಂದೆಯೂ ಆಡಿದ್ದೇನೆ ಅನ್ನಿಸಿತು. ಕಪ್ಪು ಹಿಡಿದುಕೊಂಡು ಹಾಗೇ ಕೂತೆ. ಇಪ್ಪತ್ತು ವರ್ಷದ ಹಿಂದಿನದಿರಬೇಕು. ಬಸವಕಲ್ಯಾಣದಲ್ಲಿ ಒಂದು ಬ್ಯಾಂಡ್ ಪಾರ್ಟಿಯ ಅಂಗಡಿಯ ಕಟ್ಟೆ. ಮೆರವಣಿಗೆ ಹೊರಡುವ ಗಡಿಬಿಡಿ, ಮದುಮಗನ ಕುದುರೆ ಬಂದು ನಿಂತಿದೆ, ಇವರ ಆಂಪ್ಲಿಫೈಯರು ಕೈಕೊಟ್ಟಿದೆ. ಅದನ್ನು ಸರಿಮಾಡಲು ನನ್ನನ್ನು ಕರೆಸಿದ್ದರು. ಕೆಲಸ ಮುಗಿದಾಗ ಒಬ್ಬ ತೆಳ್ಳನೆಯ ಮನುಷ್ಯ ಗಿಟಾರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. "ಮಿಸ್ತ್ರೀ, ಇದು ಜಪಾನಿಂದೈತಿ, ನೋಡ್ರಿ. ಇವ್ರ್ಯಾರೂ ನಂಬವಲ್ಲರು. ನೀವು ಹೇಳ್ರಿ," ಅಂದ. ನಾನು ಪಿಕಪ್ಪಿನ ಪಕ್ಕದ ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. "ಪ್ಲೈವುಡ್ ಐತೋ ಮಾರಾಯಾ. ಜಪಾನ್ ಎಲ್ಲಿಂದ ಬಂತು? ನಿಂಗ ಯಾರೋ ಚಲೋ ಟೋಪಿ ಹಾಕ್ಯಾರ!" ಅಂದೆ. ಇಡೀ ಪಾರ್ಟಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ.

ಆ ಮನುಷ್ಯನ ಮುಖ ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ಗಿಟಾರು ಹಿಡಿದ ಕೈಗಳಷ್ಟೇ ನೆನಪಾದವು.

"ಯಾಕ್ರಿ, ಚಾ ಆರಾಕತ್ತೈತಿ," ಅಂದಳು ಹೆಂಡತಿ. ಏನಿಲ್ಲ ಅಂದೆ. ಆ ದಿನ ಮಧ್ಯಾಹ್ನ ಕೆಲಸ ಮಾಡಲು ಮನಸ್ಸಾಗಲಿಲ್ಲ. ಗಿಟಾರು ಖೊಟ್ಟಿಯಾಗಿದ್ದರೆ ನನ್ನ ಹಳೆಯ ಮಾತು ನಿಲ್ಲುತ್ತದೆ, ನಾನೂ ನೆಮ್ಮದಿಯಿಂದ ಇರಬಹುದು. ಹಾಗೇ ಇರಲಪ್ಪಾ ಅಂತ ಹಾರೈಸಿದ್ದೂ ನಿಜ. ಆದರೆ ಮೇಜಿನ ಮೇಲೆ ಬಿದ್ದಿದ್ದ ಸ್ಕ್ರೂಡ್ರೈವರು ಸುಮ್ಮನಿರಗೊಡಲಿಲ್ಲ. ಅದು ನಾನು ವಯಸ್ಸಿನಲ್ಲಿದ್ದಾಗ ಜಪಾನಿನ ಟೇಪ್ ರೆಕಾರ್ಡರುಗಳಿಗೆಂದೇ ಇಟ್ಟುಕೊಂಡಿದ್ದು. ಅವರ ಸ್ಕ್ರೂ ತಲೆಯ ಕೊರೆತವೇ ಸ್ವಲ್ಪ ಬೇರೆ. ನಮ್ಮ ಸಾಮಾನ್ಯ ಡ್ರೈವರು ಅದರಲ್ಲಿ ಜಾರುತ್ತದೆ, ಅವರದಾದರೆ ಕಚ್ಚಿ ಕೂರುತ್ತದೆ. ಎಷ್ಟು ಸಾವಿರ ಸ್ಕ್ರೂ ಬಿಚ್ಚಿದ ಕೈ ಇದು! ಆವತ್ತು ಕಟ್ಟೆಯ ಮೇಲೆ ಒಂದೇ ಒಂದು ಸ್ಕ್ರೂ ಬಿಚ್ಚಿದ್ದರೂ ಗೊತ್ತಾಗುತ್ತಿತ್ತು.

ಪುಣೆಯಲ್ಲಿ ಹಳೆಯ ವಾದ್ಯಗಳನ್ನು ಕೂಡಿಡುವ ಒಬ್ಬರಿದ್ದಾರೆ. ಹಿಂದೊಮ್ಮೆ ನನ್ನಿಂದ ಹಳೆಯ ವಾಲ್ವ್ ಆಂಪ್ಲಿಫೈಯರು ಒಯ್ದಿದ್ದರು. ಅವರಿಗೆ ಫೋಟೋ ಕಳಿಸಿದೆ. ಅರ್ಧ ಗಂಟೆಯೊಳಗೆ ಫೋನು. ಪ್ಲೈವುಡ್ ಅಂತ ಎಸೆಯಬೇಡಿ, ಅರವತ್ತರ ದಶಕದಲ್ಲಿ ಅಲ್ಲಿನ ಎಷ್ಟೋ ಕಾರ್ಖಾನೆಗಳು ಮರದ ಹಾಳೆ ಅಂಟಿಸಿಯೇ ಗಿಟಾರು ಮಾಡುತ್ತಿದ್ದವು ಅಂತ ಹಿಂದಿಯಲ್ಲಿ ಹೇಳಿದರು. ಹಾಗಂತ ಪ್ಲೈವುಡ್ಡೇ ಪುರಾವೆಯೂ ಅಲ್ಲ ಅಂದರು. ಒಳಗಿನ ವೈರು, ವಾಲ್ಯೂಮ್ ಕಂಟ್ರೋಲುಗಳು, ಕುತ್ತಿಗೆಯ ಬುಡ, ತಲೆಯ ಮೇಲೆ ಹೆಸರಿನ ಗುರುತು, ಮೂಲ ಬಣ್ಣ. ಇಷ್ಟನ್ನೂ ನೋಡದೆ ತಾವು ಏನೂ ಹೇಳುವುದಿಲ್ಲ ಅಂದುಬಿಟ್ಟರು. ಮನುಷ್ಯ ಅಂದರೆ ಹೀಗಿರಬೇಕು, ನನ್ನ ಹಾಗಲ್ಲ.

ವೈರಿಂಗ್ ಸುಲಭವಾಗಿಯೇ ಸಾಗಿತು. ನಾಲ್ಕು ಕಂಟ್ರೋಲುಗಳಲ್ಲಿ ಒಂದು ದಿಲ್ಲಿಯ ಮಾಲು, ಬೆಸುಗೆಯೂ ಒಡ್ಡೊಡ್ಡಾಗಿತ್ತು. ಉಳಿದ ಮೂರರ ಬೆನ್ನ ಮೇಲೆ ಒಂದೇ ಬಗೆಯ ಅಚ್ಚು, ಬೆಸುಗೆ ಅಕ್ಕಿಕಾಳಿನಷ್ಟು ಅಚ್ಚುಕಟ್ಟು. ಮೀಟರು ಹಚ್ಚಿದರೆ ಮೂರು ಪಿಕಪ್ಪುಗಳ ರೀಡಿಂಗು ಹೆಚ್ಚುಕಡಿಮೆ ಒಂದೇ. ನಾಲ್ಕನೆಯದು ಸತ್ತಿತ್ತು, ಒಳಗೆ ತಂತಿ ಹರಿದಿರಬೇಕು. ಆದರೂ ಅದರ ಮೈಯೂ ಸುತ್ತೂ ಉಳಿದವುಗಳ ಜೋಡಿಯೇ.

ಕೆಟ್ಟದ್ದು ಬಣ್ಣದ ಕೆಲಸ. ನಮ್ಮ ಓಣಿಯಲ್ಲಿ ಕೆಮಿಕಲ್ ಫ್ಯಾಕ್ಟರಿಗೆ ಹೋಗುವವರೊಬ್ಬರಿದ್ದಾರೆ. ಈ ಊರಿನಲ್ಲಿ ಗೋಡೆಯ ಬಣ್ಣ ಹೋಗಬೇಕೆಂದರೂ, ಗಾಡಿಯ ತುಕ್ಕು ಹೋಗಬೇಕೆಂದರೂ ಯಾರೂ ಅಂಗಡಿಗೆ ಹೋಗುವುದಿಲ್ಲ, ಫ್ಯಾಕ್ಟರಿಯವರನ್ನು ಕೇಳುತ್ತಾರೆ. ನಾನೂ ಕೇಳಿದೆ. ಒಂದು ಸಣ್ಣ ಬಾಟಲಿ ಕೊಟ್ಟು, "ಒಂದೇ ಒರಸಿಗೆ ಹೋಗ್ತೈತಿ, ಫಸ್ಟ್ ಕ್ಲಾಸ್" ಅಂದರು. ಹೆಸರು ಕೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಬೆನ್ನಿನ ಮೂಲೆಯಲ್ಲಿ ಹತ್ತಿಯಿಂದ ಒತ್ತಿದೆ. ಕೆಂಪು ಹೋಯಿತು, ಅದರ ಕೆಳಗಿನದು ಹೋಯಿತು, ಅದರ ಕೆಳಗಿನದೂ ಹೋಯಿತು. ಒರೆಸಿ ನೋಡಿದರೆ ಬರೀ ಮರ. ಕಾರ್ಖಾನೆಯಲ್ಲಿ ಹಾಕಿದ ಮೂಲ ಬಣ್ಣವೂ ಸೇರಿ ರೂಪಾಯಿ ಬಿಲ್ಲೆಯಷ್ಟು ಜಾಗ ಬೋಳಾಗಿತ್ತು. ಒಮ್ಮೆ ಬಾಯಿಂದ ಹಾಳು ಮಾಡಿದ್ದೆ, ಈಗ ಕೈಯಿಂದ. ಆ ಬೋಳು ಗುರುತು ಇವತ್ತಿಗೂ ಹಾಗೇ ಇದೆ.

ಎರಡು ದಿನ ಅದನ್ನು ಮುಟ್ಟಲಿಲ್ಲ. ನನಗೆ ಸಾಕಾಗಿಹೋಗಿತ್ತು. ವಾರ ತುಂಬಿದಾಗ ಆಕೆ ಬಂದರು, ಇನ್ನೂ ಆಗಿಲ್ಲ ಅಂದೆ. ಬೋಳಾದ ಜಾಗ ತೋರಿಸಿ ತಪ್ಪು ಒಪ್ಪಿಕೊಂಡೆ. ಹಳೆಯ ತಪ್ಪನ್ನು ಹೇಳಲು ಬಾಯಿ ಬರಲಿಲ್ಲ. ಆಕೆ ಆ ಜಾಗವನ್ನು ಬೆರಳಿನಿಂದ ಸವರಿ, "ಇರ್ಲಿ ಬಿಡ್ರಿ. ನೋಡಾಕತ್ತೀರಲ್ಲ, ಅಷ್ಟ ಸಾಕು" ಅಂದು ಹೊರಟುಹೋದರು. ಬೈದಿದ್ದರೆ ವಾಸಿಯಿತ್ತು.

ಕೆಮಿಕಲ್ ಬಾಟಲಿಯನ್ನು ವಾಪಸ್ ಕೊಟ್ಟೆ. ಬೋರ್ಡಿನ ಸಣ್ಣ ಬಿಡಿಭಾಗ ಬಿಡಿಸಲು ಬಿಸಿಗಾಳಿ ಊದುವ ಯಂತ್ರ ನನ್ನಲ್ಲಿದೆ. ಅದನ್ನು ತೀರಾ ಸಣ್ಣಗಿಟ್ಟು, ಬಣ್ಣ ಮೆತ್ತಗಾದಾಗ ಕ್ಯಾಸೆಟ್ ಡಬ್ಬಿಯ ಪ್ಲಾಸ್ಟಿಕ್ ಚೂರಿನಿಂದ ಒಂದೊಂದೇ ಪದರ ಎಬ್ಬಿಸತೊಡಗಿದೆ. ಲೋಹ ಮುಟ್ಟಿಸಲಿಲ್ಲ. ದಿನಕ್ಕೆ ಅಂಗೈಯಷ್ಟು ಜಾಗವೂ ಆಗುತ್ತಿರಲಿಲ್ಲ. ಕೆಂಪಿನ ಕೆಳಗೆ ಬೆಳ್ಳಿಬಣ್ಣ, ಅದರ ಕೆಳಗೆ ಹಸಿರು, ಮತ್ತೆ ಕೆಂಪು, ನೀಲಿ. ಪದರ ಪದರದ ನಡುವೆ, ಮೇಲಿನ ಕೊಂಬಿನ ಹತ್ತಿರ ಅದೇ ಜಾಗದಲ್ಲಿ, ಮಸುಕಾದ ಒಂದು ಕುಂಕುಮದ ಬೊಟ್ಟು. ದಸರೆಯ ಖಂಡೆ ಪೂಜೆಗೆ ಎಲ್ಲ ವಾದ್ಯಗಳನ್ನೂ ಜಮಖಾನೆಯ ಮೇಲಿಟ್ಟು ಬೊಟ್ಟಿಡುತ್ತಾರೆ. ಆಮೇಲೆ ಸೀಜನ್ನಿಗೆ ಬಣ್ಣ ಬರುತ್ತದೆ, ಒರೆಸುವಷ್ಟು ಪುರುಸೊತ್ತು ಯಾರಿಗಿದೆ? ಬೊಟ್ಟಿನ ಮೇಲೇ ಬಣ್ಣ ಬಳಿದಿದ್ದರು. ಹಾಗಾಗಿ ಒಂದೊಂದು ಬಣ್ಣವೂ ಒಂದೊಂದು ವರ್ಷವೆಂದು ಸ್ಪಷ್ಟವಾಗಿ ತಿಳಿಯುತ್ತಿತ್ತು. ಒಟ್ಟು ಒಂಬತ್ತು ಬಣ್ಣ.

ಒಂಬತ್ತನೆಯದರ ಕೆಳಗೆ ಮೂಲ ಬಣ್ಣ ಸಿಕ್ಕಿತು. ನಡುವೆ ಜೇನಿನ ಬಣ್ಣ, ಅಂಚಿಗೆ ಹೋದಂತೆ ಕಂದು, ಕೊನೆಗೆ ಕಪ್ಪು. ಮೇಲೆ ಗಾಜಿನಂಥ ಹೊಳಪು, ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕು. ನೋಡಿದ ಕೂಡಲೇ ಇದು ನಮ್ಮ ಕಡೆಯ ಕೆಲಸವಲ್ಲ ಅನ್ನಿಸಿತು.

ಗಿಟಾರಿನ ತಲೆಯ ಮೇಲೆಯೂ ಹಾಗೆಯೇ ಎಬ್ಬಿಸಿದೆ. ಎರಡು ಸಣ್ಣ ತೂತು, ಅವುಗಳ ಸುತ್ತ ಬೆರಳುದ್ದದ ಒಂದು ನೆರಳು. ಒಂದು ತುದಿ ನೇರ, ಇನ್ನೊಂದು ಓರೆ. ಅಲ್ಲಿ ಬಹಳ ವರ್ಷ ಏನೋ ಇತ್ತು, ಅದರ ಕೆಳಗಿನ ಬಣ್ಣ ಬಿಸಿಲು ಕಾಣದೆ ಗಾಢವಾಗಿ ಉಳಿದಿತ್ತು. ತೂತುಗಳ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು ಪುಣೆಗೆ ಕಳಿಸಿದೆ.

ಕೊನೆಯದು ಕುತ್ತಿಗೆ. ನಾಲ್ಕು ಬೋಲ್ಟು ಬಿಚ್ಚಿದರೂ ಬಣ್ಣ ಅಂಟಿಕೊಂಡು ಅಲುಗಲಿಲ್ಲ. ಜೋರು ಮಾಡಿದರೆ ಮೂಲೆ ಸೀಳುತ್ತದೆ. ಬಿಸಿಗಾಳಿ, ಪ್ಲಾಸ್ಟಿಕ್ ಚೂರು, ಮತ್ತೆ ಬಿಸಿಗಾಳಿ. ಒಂದು ಬೆಳಿಗ್ಗೆ ಪೂರಾ ಅದಕ್ಕೇ ಹೋಯಿತು. ಟಕ್ ಅಂತ ಬಿಟ್ಟುಕೊಂಡಾಗ ಕುತ್ತಿಗೆಯ ಬುಡವನ್ನು ಬೆಳಕಿಗೆ ಹಿಡಿದೆ. ಬಣ್ಣ ತಾಗದ ಬರಿ ಮರ. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಅಂಕಿ, ಪಕ್ಕದಲ್ಲಿ ಕಡಲೆಕಾಳಿನಷ್ಟು ದುಂಡನೆಯ ಕೆಂಪು ಮುದ್ರೆ, ಒಳಗೆ ಚಿತ್ರದಂಥ ಎರಡು ಅಕ್ಷರ. ಭೂತಗನ್ನಡಿ ಹಿಡಿದು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ಫೋಟೋ ಕಳಿಸಿದ ಮೇಲೆ ಪುಣೆಯವರು ಫೋನು ಮಾಡಿದರು. ಅದು ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದವನ ಮುದ್ರೆ ಅಂದು, ಜಪಾನಿನ ಆ ಕಾರ್ಖಾನೆಯ ಹೆಸರನ್ನೂ ಹೇಳಿದರು. ತೂತಿನ ಅಂತರ ತಮ್ಮಲ್ಲಿರುವ ಇನ್ನೊಂದು ಗಿಟಾರಿಗೆ ಸರಿಯಾಗಿ ಹೊಂದುತ್ತದೆ, ವರ್ಷ ಇದೇ ಅಂತ ಹೇಳಲಾಗದು, ಅರವತ್ತರ ದಶಕದ ನಡುವಿನದು, ನಾಲ್ಕು ಪಿಕಪ್ಪಿನ ಈ ಮಾದರಿಯನ್ನು ತಾವು ಕಣ್ಣಾರೆ ಕಂಡಿದ್ದು ಒಂದೇ ಸಲ ಅಂದರು. ತಮಗೆ ಬೇಕು, ಉಳಿದ ಬಣ್ಣವನ್ನೂ ಪೂರ್ತಿ ತೆಗೆದು ಚೊಕ್ಕಟ ಮಾಡಿ ಇಡಿ ಅಂದರು.

ಒಂದು ಕ್ಷಣ ಸರಿ ಅನ್ನಬೇಕೆಂದಿದ್ದೆ. ಆಮೇಲೆ ಆಗುವುದಿಲ್ಲ ಅಂದೆ. ಆ ಬಣ್ಣ ತೆಗೆಯುವುದು ಬಿಡುವುದು ನನ್ನ ಅಧಿಕಾರದ್ದಲ್ಲ. ಬಣ್ಣ ಎಬ್ಬಿಸಿ ತೆರೆದಷ್ಟು ಕಿಟಕಿ ತೆರೆದೇ ಇರಲಿ ಅಂತ ಬಿಟ್ಟು, ಕುತ್ತಿಗೆ ಕೂರಿಸಿ, ಹನ್ನೊಂದೂ ಸ್ಕ್ರೂ ಹಾಕಿದೆ. ಆಕೆಗೆ ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಖರೇದು ಅಂದರೆ ಸಾಕು, ಆವತ್ತು ಖೊಟ್ಟಿ ಅಂದವನು ಯಾರು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮರುದಿನ ಅಂಗಡಿಗೆ ಬೀಗ ಹಾಕಿ, ಅದೇ ಕೌದಿಯಲ್ಲಿ ಗಿಟಾರು ಸುತ್ತಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ, ನಿಂತೇ ಹೋದೆ.

ಆಕೆಯ ಮನೆ ಒಂದೇ ಕೋಣೆಯದು. ಮೂಲೆಯಲ್ಲಿ ಒಣರೊಟ್ಟಿಯ ಎರಡು ರಾಶಿ. ಚಾಪೆ ಹಾಸಿದರು, ನೀರು ಕೊಟ್ಟರು, ಎದುರಿಗೆ ಕೂತರು.

"ಖರೇದೈತ್ರಿ ಅಕ್ಕಾರ," ಅಂದೆ. "ಜಪಾನಿಂದೇ ಐತಿ."

ನಾನು ಒಂದೊಂದನ್ನೇ ತೋರಿಸಿದೆ. ಮುದ್ರೆಯ ಫೋಟೋ, ಸ್ಕ್ರೂ, ಮೂಲ ಬಣ್ಣ, ತಲೆಯ ಮೇಲಿನ ಎರಡು ತೂತು. ಆಕೆಯ ಕಣ್ಣು ಆ ತೂತುಗಳ ಮೇಲೆ ನಿಂತಿತು. ಪುಣೆಯ ಒಬ್ಬರು ಇದನ್ನು ಕೊಳ್ಳಲು ಕೇಳುತ್ತಿದ್ದಾರೆ ಅಂದೆ. "ಕಾಯ್ಲಿ ಬಿಡ್ರಿ. ಇನ್ನಾ ನಾನೇ ಅದನ್ನ ಕಣ್ತುಂಬ ನೋಡಿಲ್ಲ," ಅಂದರು.

ಇನ್ನು ತಡೆದರೆ ಹೇಳುವುದಾಗುವುದಿಲ್ಲ ಅನ್ನಿಸಿತು. "ಅಕ್ಕಾರ, ಇನ್ನೊಂದು ಮಾತೈತಿ. ಆವತ್ತು ಬ್ಯಾಂಡ್ ಅಂಗಡಿ ಕಟ್ಟಿ ಮ್ಯಾಲ ಖೊಟ್ಟಿ ಅಂದಾಂವ ನಾನೇರಿ."

"ಗೊತ್ತೈತ್ರಿ," ಅಂದರು.

"ಗೊತ್ತಿತ್ತೇನ್ರಿ?"

"ಗೊತ್ತಿದ್ದಕ್ಕೇ ನಿಮ್ಮ ಹಂತ್ಯಾಕ ತಂದೆ. ಅಲ್ಲೀತನಕ ಮಾಲೀಕ ಎಷ್ಟು ಬೈದ್ರೂ ಅವ್ರು ಇದಕ್ಕ ಬಣ್ಣ ಹಚ್ಚಗೊಟ್ಟಿದ್ದಿಲ್ಲ. ನೀವು ಅಂದ ಮರುದಿನ ತಾವೇ ಒಯ್ದು ಕೊಟ್ರು, ಹಚ್ಚರಿ ಅಂತ."

ಒಂಬತ್ತು ಬಣ್ಣ ಎಬ್ಬಿಸಿದ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ತಪ್ಪಾಯಿತು ಅಂದೆ. ಅಳು ಬಂತು, ನಾಚಿಕೆಯೂ ಆಯಿತು.

ಆಕೆ ಎದ್ದು ಗೋಡೆಯ ಪಕ್ಕದ ಟ್ರಂಕು ತೆರೆದು, ತಳದಿಂದ ಒಂದು ಅರಿವೆಯ ಚೂರು ತಂದು ನನ್ನ ಮುಂದೆ ಬಿಚ್ಚಿದರು. ಬೆರಳುದ್ದದ ಒಂದು ಲೋಹದ ಪಟ್ಟಿ. ಒಂದು ತುದಿ ನೇರ, ಇನ್ನೊಂದು ಓರೆ. ಮೇಲೆ ಪುಣೆಯವರು ಹೇಳಿದ್ದ ಅದೇ ಕಾರ್ಖಾನೆಯ ಹೆಸರು. ಜೊತೆಗೆ ಎರಡು ಪುಟ್ಟ ಮೊಳೆ.

"ಇದನ್ನ ಯಾಕ ಮೊದಲೇ ಕೊಡಲಿಲ್ರಿ? ನೋಡಿದ ಕೂಡ್ಲೇ ಹೇಳ್ತಿದ್ದೆನಲ್ಲ," ಅಂದೆ.

"ಆವತ್ತು ಇದು ಗಿಟಾರಿನ ಮ್ಯಾಲೇ ಇತ್ತಲ್ರಿ. ಅವ್ರು ತೋರಿಸಿದ್ರಂತ. ಪ್ಲೇಟು ಯಾರ್ ಬೇಕಾದ್ರೂ ಹಚ್ಚಬಹುದು ಅಂದ್ರಂತ ನೀವು. ಮನೀಗ ಬಂದು ಚಾಕು ತಗೊಂಡು ಕಿತ್ತಿಟ್ರು. ಅದಕ್ಕ ಈ ಸಲ ಪ್ಲೇಟು ಇಲ್ಲದ ನೋಡಿ ಹೇಳ್ರಿ ಅಂತ ಕೊಟ್ಟೆ."

ಹಾಗೆ ಅಂದಿದ್ದು ನನಗೆ ನೆನಪೇ ಇರಲಿಲ್ಲ. ಪಟ್ಟಿಯನ್ನು ನನ್ನ ಕಡೆ ಸರಿಸಿ, "ನೀವೇ ಹಚ್ರಿ" ಅಂದರು. ಸುತ್ತಿಗೆ ತಂದಿರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದಲೇ ಮೆಲ್ಲಗೆ ಬಡಿದೆ. ಕನ್ನಡಕ ಮಂಜಾಗಿ ಒಂದು ಮೊಳೆ ಎರಡು ಸಲ ಜಾರಿತು. ಪಟ್ಟಿ ತನ್ನ ನೆರಳಿನ ಮೇಲೆ ಸರಿಯಾಗಿ ಕೂತಿತು.

ಬಡಿದ ಸದ್ದಿಗೆ ಪಕ್ಕದ ಮನೆಯ ಹೆಣ್ಣುಮಗಳು ಬಾಗಿಲಲ್ಲಿ ಇಣುಕಿದಳು. "ಯಾರು ಬಂದಾರ, ಜಪಾನಕ್ಕಾ?"

ಆಕೆ ಗಿಟಾರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಹುಮನಾಬಾದ್ ಮಿಸ್ತ್ರಿ ಬಂದಾರವ್ವ. ನಮ್ಮನಿಯವರು ಮೋಸ ಹೋಗಿದ್ದಿಲ್ಲ ಅಂತ ಹೇಳಾಕ ಬಂದಾರ."